ಲಂಡನ್ ಹೇಳಿದ ಮೇಲೆ ಕಣ್ಣು ಬಿಟ್ಟರೆ ಸಾಕೆ?

ಕನ್ನಡದ ತರುಣರೇ,

2025ರ ಮೇ 20ರಂದು ಲಂಡನ್ನಿನಲ್ಲಿ ನಮ್ಮ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಂತು. ಕನ್ನಡಕ್ಕೆ ಇದು ಮೊದಲು. ಸಣ್ಣಕಥೆಗಳ ಪುಸ್ತಕವೊಂದಕ್ಕೆ ಆ ಪ್ರಶಸ್ತಿ ಸಿಕ್ಕಿದ್ದೂ ಇದೇ ಮೊದಲು. ಎದೆಯುಬ್ಬಿಸಿದೆವು. ಸಂತೋಷ! ಆದರೆ ಎದೆಯುಬ್ಬಿಸಿದ ನಮ್ಮಲ್ಲಿ ಎಷ್ಟು ಜನ ಅದಕ್ಕೆ ಮುಂಚೆ ಅವರ ಒಂದು ಕಥೆಯನ್ನಾದರೂ ಓದಿದ್ದೆವು? ಕೈ ಎತ್ತಿ, ನೋಡೋಣ!

ಆ ಕಥೆಗಳೇನು ಲಂಡನ್ನಿನಲ್ಲಿ ಹುಟ್ಟಿದವೆ? ಹಾಸನದ ವಕೀಲೆ, ಬಂಡಾಯ ಚಳವಳಿಯ ಹೆಣ್ಣುಮಗಳು, 1990ರಿಂದ 2023ರವರೆಗೆ ಕನ್ನಡದಲ್ಲೇ ಬರೆದ 12 ಕಥೆಗಳವು. ಅವುಗಳಲ್ಲೊಂದು ಕಥೆಯನ್ನು ಗಿರೀಶ್ ಕಾಸರವಳ್ಳಿ 2004ರಲ್ಲಿ 'ಹಸೀನಾ' ಎಂದು ಸಿನಿಮಾ ಮಾಡಿದರು. ತಾರಾಗೆ ರಾಷ್ಟ್ರಪ್ರಶಸ್ತಿ ಬಂತು. ಚಪ್ಪಾಳೆ ತಟ್ಟಿ ಮಲಗಿದೆವು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಮೇಲಷ್ಟೇ ನಮಗೆ ಎಚ್ಚರ! ಬಹುಮಾನದ 50 ಸಾವಿರ ಪೌಂಡ್ ಲೇಖಕಿಗೂ ಅನುವಾದಕಿಗೂ ಸಮಪಾಲು. ನಮ್ಮಲ್ಲಿ ಅನುವಾದಕರ ಹೆಸರನ್ನು ಯಾರು ಕೇಳುತ್ತಾರೆ?

"ಕಥೆ ಬಿಡಿ ಸ್ವಾಮಿ, ವಿಜ್ಞಾನ, ರಾಜಕೀಯದ ವಿಚಾರ ಕನ್ನಡದಲ್ಲಿ ಎಲ್ಲಿದೆ?" ಎಂದು ಮೂಗು ಮುರಿಯುವವರೂ ಇದ್ದಾರೆ. ಕೇಳಿಸಿಕೊಳ್ಳಿ! ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲೇ ಬೆಂಗಳೂರಿನಿಂದ 'ವಿಜ್ಞಾನ' ಪತ್ರಿಕೆ ತಂದರು. 1936ರಲ್ಲಿ ಶಿವರಾಮ ಕಾರಂತರು ಮಕ್ಕಳ ಕೈಗೆ 'ಬಾಲ ಪ್ರಪಂಚ' ಕೊಟ್ಟರು. ಗಿಡಮರಗಳ ಬಗ್ಗೆ ಬರೆದ ಬಿ.ಜಿ.ಎಲ್. ಸ್ವಾಮಿ ಅವರ 'ಹಸುರು ಹೊನ್ನು' ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಂಬೇಡ್ಕರರ ಬರಹ, ಭಾಷಣಗಳ ಸಂಪುಟಗಳು ಕನ್ನಡದಲ್ಲಿವೆ. ಬರೆಯುವವರು ಬರೆದಿದ್ದಾರೆ. ಬರ ಬಿದ್ದಿರುವುದು ಓದುವವರಿಗೆ!

ಅಂಗಡಿಯ ಬೋರ್ಡಿನ ಮೇಲೆ ಕನ್ನಡ ಬೇಕೆಂದು ಬೀದಿಗಿಳಿಯುತ್ತೇವೆ. ಇಳಿಯಲೇಬೇಕು. ಆದರೆ ಬೋರ್ಡಿನ ಮೇಲೆ ಕನ್ನಡ, ತಲೆಯೊಳಗೆ ಬರೀ ಇಂಗ್ಲಿಷ್ ಎಂದರೆ ಆ ಹೋರಾಟಕ್ಕೆ ಏನರ್ಥ? ಹೊಸ ವಿಚಾರ ಓದದ, ಚರ್ಚಿಸದ ಭಾಷೆ ನವೆಂಬರ್ ಒಂದರ ಬಾವುಟವಾಗಿ ಉಳಿಯುತ್ತದೆ, ಅಷ್ಟೆ.

ಆದ್ದರಿಂದ ಗೆಳೆಯರೇ, ತಿಂಗಳಿಗೊಂದು ಹೊಸ ಕನ್ನಡ ಪುಸ್ತಕ ಕಾಸು ಕೊಟ್ಟು ಕೊಳ್ಳಿ. ಅಂಗಡಿಯಲ್ಲಿ ಇಲ್ಲವೆಂದರೆ ತರಿಸಿಕೊಡಿ ಎಂದು ಪಟ್ಟು ಹಿಡಿಯಿರಿ. ಬಡಾವಣೆಯ ಲೈಬ್ರರಿಗೆ ಹೋಗಿ, ಹೊಸ ಪುಸ್ತಕ ಯಾಕಿಲ್ಲ ಎಂದು ಕೇಳಿ. ಓದಿದ್ದನ್ನು ನಾಲ್ಕು ಜನರ ಜೊತೆ ಜಗಳವಾಡುವಷ್ಟು ಚರ್ಚಿಸಿ.

ಮುಂದಿನ ಬಾನು ಮುಷ್ತಾಕ್ ಯಾರೆಂದು ಲಂಡನ್ನಿಗೆ ನಾವು ಹೇಳಬೇಕು. ಲಂಡನ್ ನಮಗೆ ಹೇಳುವುದಲ್ಲ!