ಒಂದು ಪಾತ್ರೆ, ಎರಡು ಅಡುಗೆ

ಮಕ್ಕಳೇ, ಮನೆ ಬಿಟ್ಟು ಓದಲು ಹೋದವರಿಗೆ ಮೊದಲು ಕಷ್ಟ ಕೊಡುವುದು ಪಾಠವಲ್ಲ, ಊಟದ ಲೆಕ್ಕ. ಮಳವಳ್ಳಿಯ ನನ್ನ ಅಣ್ಣನ ಮಗಳು ಈ ವರ್ಷ ಮಂಡ್ಯದಲ್ಲಿ ಕಾಲೇಜು ಸೇರಿದಳು. ಹಾಸ್ಟೆಲ್ ಸಿಗಲಿಲ್ಲ. ಮದ್ದೂರು ಕಡೆಯ ಗೆಳತಿಯ ಜೊತೆ ರೂಮು ಮಾಡಿದ್ದಾಳೆ. ಬಾಡಿಗೆ ಮನೆಯವರದು, ಊಟಕ್ಕೆ ಒಬ್ಬೊಬ್ಬರಿಗೆ ತಿಂಗಳಿಗೆ 1500 ರೂಪಾಯಿ.

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆಂದು ಸರ್ಕಾರ ‘ವಿದ್ಯಾಸಿರಿ’ ಶುರು ಮಾಡಿದಾಗಲೂ ಊಟ, ವಸತಿ ಎರಡಕ್ಕೂ ಸೇರಿ ತಿಂಗಳಿಗೆ ಕೊಟ್ಟಿದ್ದು ಇಷ್ಟೇ, ವರ್ಷಕ್ಕೆ 10 ತಿಂಗಳು. 1500ನ್ನು 30ರಿಂದ ಭಾಗಿಸಿ ನೋಡಿ. ದಿನಕ್ಕೆ 50. ಹೋಟೆಲಿನಲ್ಲಿ ಒಂದು ದೋಸೆ, ಒಂದು ಕಾಫಿಗೆ ಅದು ಮುಗಿದೇ ಹೋಯಿತು!

ಮೊದಲ ತಿಂಗಳು 20ನೇ ತಾರೀಖಿಗೇ ಇಬ್ಬರ ಕೈಯೂ ಖಾಲಿ. ಅಪ್ಪನನ್ನು ಮತ್ತೆ ಕೇಳಲು ಸಂಕೋಚಪಟ್ಟು, ರಾತ್ರಿ ನೀರು ಕುಡಿದು ಮಲಗಿದ್ದೂ ಉಂಟಂತೆ. ರಜೆಗೆ ಬಂದವಳ ಮುಖ ನೋಡಿಯೇ ನಮ್ಮವ್ವನಿಗೆ ಗೊತ್ತಾಯಿತು.

“ಹೊಟ್ಟೆ ಕಟ್ಟಿ ಓದಕಾಯ್ತದಾ ಮಗಾ? ದುಡ್ಡು ಬಂದ ದಿನ್ವೇ ಕಾಳು ಬೇಳೆ ಡಬ್ಬಿಗೆ ಬೀಳ್ಬೇಕು ಕಣವ್ವ. ಮಿಕ್ಕಿದ್ದೆಲ್ಲ ಆಮೇಕೆ.”

ಅಷ್ಟಕ್ಕೇ ಬಿಡಲಿಲ್ಲ, ಬಸ್ಸಾರು ಕಲಿಸಿದರು. ಹುರುಳಿಕಾಳೋ ಅಲಸಂದೆಯೋ, ಜೊತೆಗೆ ಸಿಕ್ಕಿದ ಸೊಪ್ಪು ಬೇಯಿಸಿ ನೀರು ಬಸಿಯಬೇಕು. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಖಾರ, ಕಾಯಿ, ಹುಣಸೆಹಣ್ಣನ್ನು ಒಂದು ಹಿಡಿ ಬೆಂದ ಕಾಳಿನ ಜೊತೆ ರುಬ್ಬಿ ಆ ನೀರಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಸೊಪ್ಪು, ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಮಾರನೆಯ ದಿನ ಮತ್ತೆ ಕುದಿಸಿದ ಸಾರಿನ ರುಚಿ ಅಜ್ಜ ಅಜ್ಜಿಯರಿಗೆ ನಾನು ಹೇಳಬೇಕೇ?

ಅಕ್ಕಿ, ರಾಗಿಹಿಟ್ಟು ಊರಿಂದಲೇ. ಕಿಲೋ ಹಿಟ್ಟಿಗೆ ಎಂಟು ಹತ್ತು ಮುದ್ದೆ. ರಾತ್ರಿ ತಲೆಗೊಂದರಂತೆ ತಿಂಗಳಿಗೆ ಏಳು ಕಿಲೋ ಬೇಕು.

ಈಗ ಇಬ್ಬರ ಹಣ ಸೇರಿ 3000. ದಿನಸಿಗೆ ಮೊದಲ ದಿನವೇ 1400, ಗ್ಯಾಸಿಗೆ 300. ತರಕಾರಿ, ಹಾಲಿಗೆ ವಾರಕ್ಕೊಂದರಂತೆ 300ರ ನಾಲ್ಕು ಲಕೋಟೆ. ಪೈಸೆ ಪೈಸೆ ಬರೆದಿಡುವ ಪುಸ್ತಕಕ್ಕಿಂತ ನನಗೆ ಈ ಲಕೋಟೆಯೇ ಮೇಲು. ಪುಸ್ತಕ ಎರಡು ವಾರಕ್ಕೆ ಬೇಸರವಾಗುತ್ತದೆ, ಲಕೋಟೆ ಖಾಲಿಯಾದರೆ ಕಣ್ಣಿಗೇ ಕಾಣುತ್ತದೆ. ಮಿಕ್ಕ 100 ಹೊರಗಿನ ತಿಂಡಿಗೆ. ಮದ್ದೂರಿನವಳಿಗೆ ವಡೆ ಬಿಡು ಎನ್ನಲಾದೀತೇ?

ಮೊನ್ನೆ 22ನೇ ತಾರೀಖು ಫೋನು ಮಾಡಿದ್ದೆ. ನಾಲ್ಕನೆಯ ಲಕೋಟೆ ಅಂದೇ ಒಡೆದರಂತೆ. “ಚಿಕ್ಕಪ್ಪ, ಹುರುಳಿಕಾಳು ಮಾತ್ರ ಮುಗೀತು, ಅಜ್ಜಿಗೆ ಹೇಳಿ” ಎಂದಳು.