ಅಂಗಾಲನ್ನೂ ನೋಡಿ

ಕಪ್ಪು ಮೈಯವರಿಗೆ ಚರ್ಮದ ಕ್ಯಾನ್ಸರ್ ಬರುವುದಿಲ್ಲ ಎಂಬ ಮಾತು ನಮ್ಮಲ್ಲಿ ಓದಿದವರ ಬಾಯಲ್ಲೂ ಇದೆ. ಅರ್ಧ ನಿಜ. ಬಿಸಿಲಿನ ಹೊಡೆತದಿಂದ ಬರುವ ಮೆಲನೋಮಾ ಬಿಳಿಯರನ್ನು ಕಾಡಿದಷ್ಟು ನಮ್ಮನ್ನು ಕಾಡದು. ಆದರೆ ಬಿಸಿಲೇ ಬೀಳದ ಅಂಗಾಲು, ಅಂಗೈ, ಉಗುರಿನ ಬುಡದಲ್ಲಿ ಹುಟ್ಟುವ ಅಕ್ರಲ್ ಮೆಲನೋಮಾ ಮೈಬಣ್ಣ ನೋಡಿ ಬರುವುದಿಲ್ಲ.

1986ರಿಂದ 2005ರವರೆಗಿನ ಅಮೆರಿಕದ ಕ್ಯಾನ್ಸರ್ ನೋಂದಣಿಗಳ ಪ್ರಕಾರ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು 1.8 ಮಂದಿಗೆ ಇದು ಬಂದಿದೆ. ಕಪ್ಪು ವರ್ಣೀಯರಲ್ಲೂ ಬಿಳಿಯರಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಪರೂಪದ ರೋಗ, ಒಪ್ಪೋಣ. ಆದರೆ ಮೆಲನೋಮಾ ರೋಗಿಗಳಲ್ಲಿ ಒಟ್ಟಾರೆ ಹತ್ತು ವರ್ಷ ಬದುಕುಳಿದವರು ಶೇ 87.5 ಇದ್ದರೆ, ಈ ಬಗೆಯಲ್ಲಿ ಶೇ 67.5 ಮಾತ್ರ. ಗಡ್ಡೆಯ ಸ್ವಭಾವವೂ ಒರಟೇ ಇರಬಹುದು. ಆದರೂ ಪತ್ತೆಯಾಗುವ ಹೊತ್ತಿಗೆ ಅದು ದಪ್ಪವಾಗಿ ಬೆಳೆದು ಆಳಕ್ಕೆ ಇಳಿದಿರುತ್ತದೆ ಎಂಬುದು ದೊಡ್ಡ ಕಾರಣ.

ತಡವಾಗುವುದು ಹೇಗೆ? ಹಿಮ್ಮಡಿಯಲ್ಲೊಂದು ಕಪ್ಪು ಕಲೆ, ಅಂಚು ಅಂಕುಡೊಂಕು, ಒಂದು ಕಡೆ ಕಡುಕಪ್ಪು, ಇನ್ನೊಂದು ಕಡೆ ಕಂದು. ನೋವಿಲ್ಲ. ಆಣಿ ಎಂದುಕೊಂಡು ಬ್ಲೇಡಿನಲ್ಲಿ ಕೆರೆಯುತ್ತಾರೆ. ಹುಣ್ಣಾದರೆ, ಸಕ್ಕರೆ ಕಾಯಿಲೆಯವರಿಗೆ ತಿಂಗಳುಗಟ್ಟಲೆ ಡ್ರೆಸ್ಸಿಂಗ್ ನಡೆಯುತ್ತದೆ. ಹೆಬ್ಬೆರಳಿನ ಉಗುರಲ್ಲಿ ಮೂಡಿದರೆ ಎಡವಿದ ಪೆಟ್ಟು, ಇಲ್ಲವೇ ಉಗುರುಸುತ್ತು. ನಮ್ಮ ಬಣ್ಣದವರ ಉಗುರಲ್ಲಿ ಕಂದು ಗೆರೆಗಳು ಸಾಮಾನ್ಯ, ಹೆಚ್ಚಿನವು ನಿರುಪದ್ರವಿ. ಒಂದೇ ಬೆರಳಿನ ಗೆರೆ ಅಗಲವಾಗುತ್ತಾ ಹೋಗಿ, ಕಪ್ಪು ಉಗುರಿನಾಚೆಯ ಚರ್ಮಕ್ಕೂ ಹರಿದರೆ ಮಾತ್ರ ಸುಮ್ಮನಿರಬಾರದು. ಲಂಡನ್ನಿನ ವೈದ್ಯ ಜೊನಾಥನ್ ಹಚಿನ್ಸನ್ ಇದನ್ನು 1886ರಲ್ಲೇ ಬರೆದಿಟ್ಟಿದ್ದ. ಸನ್‌ಸ್ಕ್ರೀನ್ ಜಾಹೀರಾತುಗಳು ಮುಖವನ್ನಷ್ಟೇ ತೋರಿಸುತ್ತವೆ. ಅಂಗಾಲಿನ ಬಗ್ಗೆ ಹೇಳಲು ಯಾರಿಗೂ ಮಾರುವ ಸರಕಿಲ್ಲ.

ಚರ್ಮದ ಮೇಲ್ಪದರದಲ್ಲಿರುವಾಗಲೇ ಸಿಕ್ಕರೆ ಸಾಮಾನ್ಯವಾಗಿ ಕತ್ತರಿಸಿ ತೆಗೆದರೆ ಮುಗಿಯುತ್ತದೆ. ತೊಡೆಸಂದಿನ ಗ್ರಂಥಿಗೆ ಹಬ್ಬಿದ ಮೇಲೆ ದುಬಾರಿ ಇಮ್ಯುನೋಥೆರಪಿಯೂ ಬೇಕಾಗಬಹುದು. ಅದೂ ಈ ಬಗೆಯ ಮೆಲನೋಮಾದಲ್ಲಿ ಬೇರೆಡೆಯಷ್ಟು ಫಲ ಕೊಡುವುದಿಲ್ಲ.

ಮೂವತ್ತು ದಾಟಿದವರಿಗೆ ಸರ್ಕಾರ ನಡೆಸುವ ಕ್ಯಾನ್ಸರ್ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕೊರಳು ಇವೆ. ಇಷ್ಟು ಅಪರೂಪದ ರೋಗಕ್ಕೆ ಪ್ರತ್ಯೇಕ ತಪಾಸಣೆ ಕೇಳುವುದು ನ್ಯಾಯವಲ್ಲ, ನಾವು ಕೇಳುವುದೂ ಇಲ್ಲ. ಮಧುಮೇಹಿಗಳ ಪಾದ ಪರೀಕ್ಷೆ ಹೇಗೂ ನಡೆಯಬೇಕಾದದ್ದೇ. ಸ್ಪರ್ಶ ಇದೆಯೇ ಎಂದು ನೋಡುವ ವೈದ್ಯರು ಅಂಗಾಲಿನ ಕಪ್ಪು ಕಲೆಯನ್ನೂ ಗಮನಿಸಲಿ. ವಾರಗಳಾದರೂ ಒಣಗದ ಹುಣ್ಣಿಗೆ ಮತ್ತೊಂದು ಡ್ರೆಸ್ಸಿಂಗ್ ಬರೆಯುವ ಮೊದಲು ಬಯಾಪ್ಸಿ ಬರೆಯಲಿ.