ವಾಕಿಂಗ್ ಹೋಗವ್ವಾ ಅಂದ್ರೆ ಮುಗೀತಾ?

ಬೆಂಗಳೂರು, ಹೈದರಾಬಾದ್‌ನಲ್ಲಿ ಕೂತ ನಾವು ಹುಮನಾಬಾದಿಗೋ ಬಸವಕಲ್ಯಾಣಕ್ಕೋ ಫೋನ್ ಮಾಡಿ ಹೇಳೋದು ಒಂದೇ ಮಾತು: ‘ಅವ್ವಾ, ತೂಕ ಭಾಳ ಆಗ್ಯದ, ದಿನಾ ವಾಕಿಂಗ್ ಹೋಗು.’ ಫೋನ್ ಇಟ್ಟು ನಾವು ಮಾತ್ರ ಜಿಮ್ಮಿಗೆ ಹೋಗಿ ಡಂಬೆಲ್ ಎತ್ತುತ್ತೇವೆ. ನಮಗೊಂದು ವಿಜ್ಞಾನ, ಅವ್ವನಿಗೊಂದು ವಿಜ್ಞಾನ ಯಾಕೆ ಅನ್ನೋದು ನನ್ನ ತಕರಾರು.

ನಡಿಗೆ ಕೆಟ್ಟದ್ದು ಅಂತಲ್ಲ. ತೂಕದ ಮಷಿನ್ ಅಷ್ಟೇ ನೋಡುವುದಾದರೆ ಬಿರುಸಿನ ನಡಿಗೆಯೇ ಭಾರ ಎತ್ತುವುದಕ್ಕಿಂತ ಮುಂದೆ. ಆದರೆ ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುತ್ತದೆ. ತೊಡೆಯಲ್ಲಿ ಕೂರುತ್ತಿದ್ದ ಕೊಬ್ಬು ಹೊಟ್ಟೆಗೆ ಬರುತ್ತದೆ, ಮೂಳೆ ಸವೆಯುತ್ತದೆ, ಸ್ನಾಯು ಕರಗುತ್ತದೆ. ಊಟ ಕಡಿಮೆ ಮಾಡಿ ಬರೀ ನಡೆದರೆ ಇಳಿದ ಕಿಲೋಗಳಲ್ಲಿ ಸ್ನಾಯುವಿನ ಪಾಲೂ ಇರುತ್ತದೆ. ಅದನ್ನು ಉಳಿಸೋದು ಭಾರದ ವ್ಯಾಯಾಮ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಎರಡನ್ನೂ: ವಾರಕ್ಕೆ 150ರಿಂದ 300 ನಿಮಿಷ ನಡಿಗೆಯಂಥದ್ದು, ಜೊತೆಗೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವುದು. ನಾವು ಊರಿಗೆ ದಾಟಿಸಿದ್ದು ಮೊದಲರ್ಧ ಮಾತ್ರ. (ಯೋಗ? ಮೈ ಬಳುಕಲು, ಸಮತೋಲನಕ್ಕೆ ಒಳ್ಳೇದು. ತೂಕ ಇಳಿಸುವ ಹೊರೆ ಅದರ ಮೇಲೆ ಹಾಕಬೇಡಿ.)

‘ಈ ವಯಸ್ಸಿನಾಗ ಭಾರ ಎತ್ತಿ ಮೂಳೆ ಮುರದ್ರ?’ ಆಸ್ಟ್ರೇಲಿಯಾದ ಲಿಫ್ಟ್‌ಮೋರ್ ಪ್ರಯೋಗದಲ್ಲಿ ಮುಟ್ಟು ನಿಂತ, ಮೂಳೆ ಸವೆದ ಹೆಂಗಸರೇ ತರಬೇತುದಾರರ ಎದುರು ವಾರಕ್ಕೆ 2 ಸಲ, ಅರ್ಧರ್ಧ ತಾಸು, 8 ತಿಂಗಳು ಭಾರ ಎತ್ತಿದರು. ಅವರ ಬೆನ್ನುಮೂಳೆ ಗಟ್ಟಿಯಾಯಿತು.

‘ರೊಟ್ಟಿ ಬಡಿಯೋದು, ನೀರು ಹೊರೋದು ವ್ಯಾಯಾಮ ಅಲ್ಲೇನು?’ ಅಲ್ಲ. ಅದು ದುಡಿತ. ಮೂವತ್ತು ವರ್ಷದಿಂದ ಅದೇ ಕೊಡ, ಅದೇ ತೂಕ. ಮೈ ಅದಕ್ಕೆ ಒಗ್ಗಿಹೋಗಿದೆ. ಸ್ನಾಯು ಬೆಳೆಯಬೇಕಾದರೆ ಭಾರ ಸ್ವಲ್ಪಸ್ವಲ್ಪವೇ ಏರಬೇಕು.

ಜಿಮ್ ಸೇರಿಸೋಣ ಅಂದರೆ, ನಾನು ಊರ ಕಡೆ ನೋಡಿದ ಜಿಮ್‌ಗಳ ತುಂಬಾ ಹುಡುಗರು, ಗೋಡೆ ತುಂಬಾ ಬೈಸೆಪ್ಸು. ಅನುಭವ ಮಂಟಪದಲ್ಲಿ ಹೆಂಗಸರಿಗೂ ಜಾಗ ಇತ್ತು ಅಂತ ಹೆಮ್ಮೆಪಡುವ ಕಲ್ಯಾಣದಲ್ಲಿ ಮಧ್ಯಾಹ್ನ ಒಂದು ತಾಸು ಅವರಿಗಂತಲೇ ಬಿಡೋದು ಅಷ್ಟು ಕಷ್ಟವೇನ್ರಿ?

ಅಲ್ಲಿಯವರೆಗೆ ಮನೆಯೇ ಸಾಕು. ಕೈ ಊರದೆ ಕುರ್ಚಿಯಿಂದ ಏಳೋದು, ಗೋಡೆಗೆ ಕೈಯೂರಿ ದಂಡ ಹೊಡೆಯೋದು, ಚೀಲದಲ್ಲಿ 2 ಕಿಲೋ ಜೋಳ ತುಂಬಿ ಎತ್ತೋದು, ಎರಡು ವಾರಕ್ಕೆ 3 ಕಿಲೋ. ಬಿಪಿ, ಮೊಣಕಾಲು ನೋವು ಇದ್ದರೆ ಮೊದಲು ಡಾಕ್ಟರ್. ಇದನ್ನ ಫೋನಿನಲ್ಲಿ ಕಲಿಸೋಕಾಗಲ್ಲ. ಹಬ್ಬಕ್ಕೆ ಹೋದಾಗ ಪಕ್ಕದಲ್ಲಿ ನಿಂತು ಮಾಡಿಸಿ, ಆ ಅರ್ಧ ತಾಸು ಒಲೆ ಮುಂದೆ ಯಾರು ಕೂರಬೇಕು ಅನ್ನೋದನ್ನೂ ಅಲ್ಲೇ, ಅಪ್ಪನ ಎದುರೇ, ತೀರ್ಮಾನ ಮಾಡಿ.